ಜಾಲತಾಣ ಮಾಡಿಸುವ ಮೊದಲು ತಿಳಿದಿರಬೇಕಾದ ಕೆಲವು ಪದಗಳು

ಶಾಲೆಗೆ, ಸಹಕಾರಿ ಸಂಘಕ್ಕೆ, ಯುವಕ ಮಂಡಲಕ್ಕೆ ಇಂದು ಒಂದು ಜಾಲತಾಣ ಬೇಕೆನಿಸುತ್ತದೆ. ಮಾಡಿಕೊಡುವವರು ತರುವ ಅಂದಾಜು ಪಟ್ಟಿಯಲ್ಲಿ ಡೊಮೇನ್, ಹೋಸ್ಟಿಂಗ್, ಸಿಎಂಎಸ್ ಮುಂತಾದ ಶಬ್ದಗಳಿರುತ್ತವೆ. ಅರ್ಥ ಕೇಳಲು ಸಂಕೋಚಪಟ್ಟು ಸಹಿ ಹಾಕಿದವರು, ಎರಡು ವರ್ಷದ ನಂತರ ತಾಣ ತೆರೆಯದಿದ್ದಾಗ ಯಾರನ್ನು ವಿಚಾರಿಸುವುದೆಂದು ತಿಳಿಯದೆ ಕೂರುತ್ತಾರೆ. ಆದುದರಿಂದ ಈ ಪದಗಳನ್ನು ವಾಚಕರಿಗೆ ಪರಿಚಯಿಸುತ್ತಿದ್ದೇವೆ.

ಇಂಟರ್ನೆಟ್ ಮತ್ತು ವೆಬ್ ಒಂದೇ ಅಲ್ಲ. ಇಂಟರ್ನೆಟ್ ಎಂದರೆ ಗಣಕಯಂತ್ರಗಳನ್ನು ಜೋಡಿಸುವ ರಸ್ತೆ. ಆ ರಸ್ತೆಯಲ್ಲಿ ಇಮೇಲ್ ಸಹ ಓಡುತ್ತದೆ, ವೆಬ್ ಸಹ ಓಡುತ್ತದೆ. ವೆಬ್‌ನ ಪ್ರಸ್ತಾವನೆಯನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಬರೆದರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಎಲ್ಲರ ಉಚಿತ ಬಳಕೆಗೆ ಬಿಟ್ಟುಕೊಟ್ಟಿತು.

ಡೊಮೇನ್ ಎಂದರೆ ತಾಣದ ಹೆಸರು. ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ಹೆಸರನ್ನು ಸಂಖ್ಯೆಗೆ ತಿರುಗಿಸಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಡೊಮೇನ್ 'ಖರೀದಿ' ಎಂದು ಎಲ್ಲರೂ ಹೇಳುತ್ತಾರೆ, ನಿಜವಾಗಿ ಅದು ಗೇಣಿ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಒಂದರಿಂದ ಹತ್ತು ವರ್ಷಗಳಿಗೆ ನೋಂದಾಯಿಸಬಹುದು, ಆಮೇಲೆ ನವೀಕರಿಸಬೇಕು. ನೋಂದಣಿ ಯಾರ ಹೆಸರಿನಲ್ಲಿದೆಯೋ ಹಕ್ಕು ಅವರದ್ದು. ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡದೆ ಜಾಗಕ್ಕೆ ಮುಂಗಡ ಕೊಡದ ನಮ್ಮ ಊರಿನವರು, ಡೊಮೇನ್ ವಿಷಯದಲ್ಲಿ ಮಾತ್ರ ಈ ಪ್ರಶ್ನೆ ಕೇಳುವುದೇ ಇಲ್ಲ! ತಾಣ ಮಾಡಿಕೊಡುವವರು ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರೆ, ನಾಳೆ ಬೇರೆಯವರಿಗೆ ಕೆಲಸ ವಹಿಸಲು ಅವರ ಒಪ್ಪಿಗೆ ಬೇಕಾಗುತ್ತದೆ. ನವೀಕರಣದ ಜ್ಞಾಪನೆ ನೋಂದಣಿಯಲ್ಲಿರುವ ಇಮೇಲ್‌ಗೇ ಬರುವುದರಿಂದ, ಅಲ್ಲಿ ಅವಧಿ ಮುಗಿದು ಹೋಗುವ ಕಾರ್ಯದರ್ಶಿಯ ಸ್ವಂತ ವಿಳಾಸ ಬೇಡ, ಸಂಸ್ಥೆಯ ವಿಳಾಸವಿರಲಿ. ಅವಧಿ ಮೀರಿ ರದ್ದಾದ ಡಾಟ್ ಕಾಮ್ ಹೆಸರನ್ನು ಹೆಚ್ಚುವರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನಗಳ ಕಾಲಾವಕಾಶವಿದೆ. ಅದೂ ಕಳೆದರೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಹೀಗೆ ಬಿಟ್ಟುಹೋದ ಒಳ್ಳೆಯ ಹೆಸರುಗಳನ್ನು ಹಿಡಿದು ಜೂಜಿನ ಜಾಹೀರಾತು ಹಾಕುವವರೂ ಇದ್ದಾರೆ.

ಹೋಸ್ಟಿಂಗ್ ಎಂದರೆ ತಾಣದ ಕಡತಗಳನ್ನು ಇಡುವ ಜಾಗದ ಬಾಡಿಗೆ. ಆ ಜಾಗ ಇರುವ, ಹಗಲಿರುಳು ಚಾಲೂ ಇರುವ ಗಣಕಯಂತ್ರವೇ ಸರ್ವರ್. ಡೊಮೇನ್ ಮತ್ತು ಹೋಸ್ಟಿಂಗ್ ಬೇರೆ ಬೇರೆ ಕಡೆ ಇರಬಹುದು. ಮನೆ ಬದಲಿಸಿದರೂ ಹೆಸರು ಉಳಿಯುತ್ತದೆ. ಪುಕ್ಕಟೆ ಜಾಗವೂ ಸಿಗುತ್ತದೆ, ಆದರೆ ಯಾಹೂ ಕಂಪೆನಿಯ ಜಿಯೋಸಿಟೀಸ್ 2009ರ ಅಕ್ಟೋಬರ್ 26ರಂದು ಮುಚ್ಚಿದಾಗ ಲಕ್ಷಾಂತರ ಪುಟಗಳಿಗೆ ನೆಲೆ ಇಲ್ಲದಾಯಿತು.

ಇನ್ನು ಪುಟ ಕಟ್ಟುವ ಸಾಮಗ್ರಿ. ಎಚ್‌ಟಿಎಂಎಲ್ ಯಾವುದು ಶೀರ್ಷಿಕೆ, ಯಾವುದು ಪರಿಚ್ಛೇದ, ಯಾವುದು ಕೊಂಡಿ ಎಂದು ಗುರುತು ಹಾಕುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂಚು ಇವೆಲ್ಲ ಸಿಎಸ್‌ಎಸ್‌ನ ಕೆಲಸ. ಗುಂಡಿ ಒತ್ತಿದಾಗ ಏನಾದರೂ ನಡೆಯಬೇಕಾದರೆ ಜಾವಾಸ್ಕ್ರಿಪ್ಟ್ ಬೇಕು. ಇದನ್ನು 1995ರಲ್ಲಿ ಬ್ರೆಂಡನ್ ಐಕ್ ರೂಪಿಸಿದರು. ಜಾವಾ ಎಂಬ ಭಾಷೆಯೇ ಬೇರೆ, ಹೆಸರಷ್ಟೇ ಹತ್ತಿರ. ಈ ಮೂರನ್ನೂ ಓದಿ ತೆರೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್.

ಕನ್ನಡದ ತಾಣಕ್ಕೆ ಇವೆಲ್ಲಕ್ಕಿಂತ ಮುಖ್ಯವಾದ ಪದ ಯುನಿಕೋಡ್. ಹಿಂದೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಿದ್ದವು. ಆ ಫಾಂಟ್ ಇಲ್ಲದವರಿಗೆ ಪುಟ ತುಂಬ ಅರ್ಥವಿಲ್ಲದ ಚಿಹ್ನೆಗಳೇ ಕಾಣುತ್ತಿದ್ದವು. ಯುನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಭಾಗವಿದೆ. ಫಾಂಟ್ ಬದಲಾದರೂ ಅಕ್ಷರ ಬದಲಾಗದು, ಹುಡುಕಿದರೆ ಸಿಗುತ್ತದೆ. ಹಳೆಯ ಸ್ಮರಣ ಸಂಚಿಕೆಯ ಲೇಖನಗಳನ್ನು ತಾಣಕ್ಕೆ ಹಾಕುವಾಗ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಕರಡು ತಿದ್ದಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು, ಅರ್ಕಾವತ್ತು ಕೆಡುವುದುಂಟು. ಕೆಲವರು ಸುಲಭವೆಂದು ಬರಹವನ್ನು ಚಿತ್ರ ಮಾಡಿ ಹಾಕುತ್ತಾರೆ. ಜೊತೆಗೆ ವಿವರಣೆ ಬರೆಯದಿದ್ದರೆ, ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನರಿಗೆ ಅದು ಖಾಲಿ ಪುಟ.

ಉಳಿದವು ಚುಟುಕಾಗಿ. ಸಿಎಂಎಸ್ ಇದ್ದರೆ ಕೋಡ್ ಬರೆಯಲು ಬಾರದವರೂ ಸುದ್ದಿ ಸೇರಿಸಬಹುದು. 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಇದಕ್ಕೆ ಪ್ರಸಿದ್ಧ. ರೆಸ್ಪಾನ್ಸಿವ್ ವಿನ್ಯಾಸವೆಂದರೆ ಮೊಬೈಲಿನ ಸಣ್ಣ ತೆರೆಗೂ ಹೊಂದಿಕೊಳ್ಳುವ ವಿನ್ಯಾಸ. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇದ್ದರೆ ದಾರಿಯಲ್ಲಿ ಮಾಹಿತಿ ಕದಿಯುವುದು ಕಷ್ಟ, ಆದರೆ ತಾಣದವರು ಪ್ರಾಮಾಣಿಕರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಬ್ಯಾಕಪ್ ಎಂದರೆ ತಾಣದ ಇನ್ನೊಂದು ಪ್ರತಿ, ಅದನ್ನು ಬೇರೊಂದು ಕಡೆ ಇಡಬೇಕು. 404 ಎಂದರೆ ಕೇಳಿದ ಪುಟ ಆ ಸರ್ವರಿನಲ್ಲಿ ಸಿಗಲಿಲ್ಲ ಎಂಬ ಉತ್ತರ. ತಾಣವನ್ನು ಹೊಸದಾಗಿ ಕಟ್ಟುವಾಗ ಪುಟಗಳ ವಿಳಾಸ ಬದಲಾದರೆ ಹಳೆಯ ಕೊಂಡಿಗಳೆಲ್ಲ ಹೀಗಾಗುತ್ತವೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಏರ್ಪಾಡಿಗೆ ರೀಡೈರೆಕ್ಟ್ ಎಂದು ಹೆಸರು. ಕರಾರಿನಲ್ಲಿ ಅದನ್ನೂ ಸೇರಿಸಲು ಕೇಳಬಹುದು.