ಬಂಡೆಗೆ ಸಿಕ್ಕ ಹಡಗಿನ ಉಳಿದ ಬಲ: ಕಾರವಾರ ಕರಾವಳಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಸಾರಾಂಶ: ಅಪಘಾತಕ್ಕೀಡಾದ ಹಡಗಿನ ಉಳಿದ ಬಲವನ್ನು ಸಾಮಾನ್ಯವಾಗಿ ಒಂದೇ ಅಂಕಿಯಲ್ಲಿ ಹೇಳಲಾಗುತ್ತದೆ. ಮಳೆಗಾಲದಲ್ಲಿ ಬಂಡೆಗೆ ಸಿಕ್ಕ ಹಡಗಿನ ಮಟ್ಟಿಗೆ ಅದನ್ನು ಗಂಟೆಗಂಟೆಗೂ ಕುಸಿಯುವ ಪ್ರಮಾಣವೆಂದೇ ಲೆಕ್ಕಹಾಕಬೇಕು ಎಂಬುದು ಈ ಲೇಖನದ ವಾದ.

1. ಪ್ರಕರಣ

2006ರ ಮೇ 30ರಂದು ಪನಾಮಾ ಧ್ವಜದ ಸರಕು ಹಡಗು ಎಂ.ವಿ. ಓಷನ್ ಸೆರಾಯಾ ಕಾರವಾರದೆದುರಿನ ಓಯಿಸ್ಟರ್ ರಾಕ್ ಬಳಿ ಬಂಡೆಗೆ ಸಿಕ್ಕಿತು. ಸೋರಿದ ಇಂಧನ ತೈಲ ಗೋವಾದ ದಕ್ಷಿಣ ತೀರವನ್ನೂ ಮುಟ್ಟಿತು. ಮಳೆಗಾಲದ ಕಡಲು ತೈಲ ತೆಗೆಯುವ ಕೆಲಸಕ್ಕೆ ಅಡ್ಡಿಯಾಯಿತು.

2. ಆಘಾತದ ಲೆಕ್ಕ

ಹಡಗುಗಳ ಡಿಕ್ಕಿಯಲ್ಲಿ ಹೀರಿಕೊಂಡ ಶಕ್ತಿಗೂ ನಜ್ಜುಗುಜ್ಜಾದ ಉಕ್ಕಿನ ಘನಗಾತ್ರಕ್ಕೂ ಮಿನೋರ್ಸ್ಕಿ 1959ರಲ್ಲಿ ಸರಳರೇಖೆಯ ಸಂಬಂಧ ಕೊಟ್ಟರು: ಶಕ್ತಿ (ಮೆಗಾಜೂಲ್) = 47.2 × ಘನಗಾತ್ರ (ಘನ ಮೀಟರ್) + 32.7. ಉದಾಹರಣೆಗೆ, ಕಾರವಾರದ ಬಳಿಯ ಅರ್ಗಾದ ನೌಕಾನೆಲೆಯ ಶಿಪ್‌ಲಿಫ್ಟ್ ಎತ್ತಬಲ್ಲ 10,000 ಟನ್ ತೂಕದ ಹಡಗು ಸೆಕೆಂಡಿಗೆ 2 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 20 ಮೆಗಾಜೂಲ್. ಸೂತ್ರಕ್ಕೆ ಹಾಕಿದರೆ ಘನಗಾತ್ರ ಋಣಾತ್ಮಕವಾಗಿ ಬರುತ್ತದೆ. ದೊಡ್ಡ ಡಿಕ್ಕಿಗಳ ದತ್ತಾಂಶದಿಂದ ಹುಟ್ಟಿದ ಈ ಸೂತ್ರ ನಿಧಾನಗತಿಯ ಆಘಾತಕ್ಕೆ ಹೊಂದುವುದಿಲ್ಲ. ಅಲ್ಲಿ ಫೈನೈಟ್ ಎಲಿಮೆಂಟ್ ಸಿಮ್ಯುಲೇಷನ್ ಬೇಕು. ಅದರಲ್ಲೂ ತಗಡು ಹರಿಯುವ ವಿಕೃತಿಯ ಮಿತಿಯನ್ನು ಜಾಲರಿಯ ಅಳತೆಗೆ ತಕ್ಕಂತೆ ಹೊಂದಿಸದಿದ್ದರೆ ಸೀಳಿನ ಉದ್ದವೇ ಬದಲಾಗುತ್ತದೆ.

3. ಉಳಿದ ಬಲ

ಸ್ಮಿತ್ 1977ರಲ್ಲಿ ಮಂಡಿಸಿದ ವಿಧಾನದಲ್ಲಿ ಹಡಗಿನ ಅಡ್ಡಕೊಯ್ತವನ್ನು ತಗಡು ಮತ್ತು ಸ್ಟಿಫ್ನರ್ ಕೂಡಿದ ತುಂಡುಗಳಾಗಿ ವಿಂಗಡಿಸುತ್ತಾರೆ. ಬಾಗುವಿಕೆಯನ್ನು ಹಂತಹಂತವಾಗಿ ಹೆಚ್ಚಿಸುತ್ತಾ ಬೆಂಡಿಂಗ್ ಮೊಮೆಂಟ್‌ನ ಗರಿಷ್ಠ ಮೌಲ್ಯವನ್ನು ಕಂಡುಕೊಳ್ಳುತ್ತಾರೆ. ಹಾನಿಗೊಂಡ ತುಂಡುಗಳನ್ನು ಕೈಬಿಟ್ಟು ಮತ್ತೆ ಲೆಕ್ಕಹಾಕಿದರೆ ಸಿಗುವುದು ಉಳಿದ ಬಲ. ಹಾನಿ ಒಂದೇ ಮಗ್ಗುಲಿಗಿದ್ದರೆ ತಟಸ್ಥ ಅಕ್ಷ ವಾಲುತ್ತದೆ. ಅದನ್ನು ಸಮತಲವೆಂದೇ ಹಿಡಿದರೆ ಬಲ ಇರುವುದಕ್ಕಿಂತ ಹೆಚ್ಚು ಕಾಣುವ ಅಪಾಯವಿದೆ.

4. ಚರ್ಚೆ

ಬಲ್ಕ್ ಕ್ಯಾರಿಯರ್ ಮತ್ತು ತೈಲ ಹಡಗುಗಳಿಗೆ 2015ರ ಜುಲೈ 1ರಿಂದ ಜಾರಿಯಾದ ಸಾಮಾನ್ಯ ರಚನಾ ನಿಯಮಗಳು, ಡಿಕ್ಕಿ ಹಾಗೂ ತಳ ತಾಗುವಿಕೆಗೆ ಊಹಿತ ಹಾನಿಯ ಅಳತೆಗಳನ್ನು ಕೊಟ್ಟು ಉಳಿದ ಬಲವನ್ನು ಪರಿಶೀಲಿಸುತ್ತವೆ. ವಿನ್ಯಾಸದ ಹಂತಕ್ಕೆ ಇದು ಸರಿ. ಬಂಡೆಯ ಮೇಲೆ ಕೂತ ಹಡಗಿನ ಹಾನಿ ಮಾತ್ರ ಅಲ್ಲಿಗೇ ನಿಲ್ಲುವುದಿಲ್ಲ. ಬಂಡೆ ನಡುಭಾಗದಡಿ ಇದ್ದರೆ ಇಳಿತದ ವೇಳೆ ಎರಡೂ ತುದಿಗಳು ಆಸರೆ ಕಳೆದುಕೊಂಡು ಜಗ್ಗುತ್ತವೆ. ಆಗ ಈಗಾಗಲೇ ಒಡೆದ ತಳವೇ ಸಂಕೋಚನಕ್ಕೆ ಸಿಕ್ಕಿ ಮಡಚಿಕೊಳ್ಳುತ್ತದೆ. ಭರತದಲ್ಲಿ ಅಲೆಗಳು ಹಡಗನ್ನು ಎತ್ತಿ ಅದೇ ಜಾಗಕ್ಕೆ ಕುಕ್ಕುತ್ತವೆ. ಹೀಗೆ ಹಡಗು ತಡೆದುಕೊಳ್ಳಬೇಕಾದ ಬೆಂಡಿಂಗ್ ಮೊಮೆಂಟ್, ಅಂದರೆ ಬೇಡಿಕೆ, ಏರುತ್ತಾ, ಬಲ ಇಳಿಯುತ್ತಾ ಹೋಗುತ್ತದೆ.

5. ಸಮಾರೋಪ

ಆದ್ದರಿಂದ ಮೊದಲ ಹೊಡೆತದ ಸಿಮ್ಯುಲೇಷನ್ ಸಾಲದು. ಪ್ರತಿ ಉಬ್ಬರವಿಳಿತದ ನಂತರ ಹಾನಿಯನ್ನು ಪರಿಷ್ಕರಿಸಿ ಸ್ಮಿತ್ ಲೆಕ್ಕವನ್ನು ಮರಳಿ ಮಾಡಬೇಕು. ಬಲ ಮತ್ತು ಬೇಡಿಕೆಯ ರೇಖೆಗಳು ಕೂಡುವ ಹೊತ್ತೇ ತೈಲ ಖಾಲಿ ಮಾಡಲು ಇರುವ ಗಡುವು. ರಕ್ಷಣಾ ತಂಡಕ್ಕೆ ಬಲದ ಶೇಕಡಾವಾರಿಗಿಂತ ಈ ಗಡುವೇ ಹೆಚ್ಚು ಉಪಯುಕ್ತ.