ರಫ್ ಪುಸ್ತಕಕ್ಕೂ ಅಂಕ

ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನವಿದೆ. 1980ರಲ್ಲಿ ಹುಟ್ಟಿದ ಈ ಪರಿಷತ್ತು ನಾಡಿನ ಮನೆಗಳಿಗೆ ಪರಿಚಯವಾದದ್ದು ‘ಬಾಲ ವಿಜ್ಞಾನ’ ಮಾಸಿಕದಿಂದ. ಅದರ ಇನ್ನೊಂದು ಕೆಲಸಕ್ಕೆ ಅಷ್ಟು ಹೆಸರು ಬಂದಿಲ್ಲ. 1993ರಲ್ಲಿ ದೇಶದಾದ್ಯಂತ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ಕರ್ನಾಟಕದ ಜಿಲ್ಲೆಗಳಲ್ಲಿ ನಡೆಸುತ್ತ ಬಂದದ್ದು ಈ ಪರಿಷತ್ತು. 10ರಿಂದ 17 ವರ್ಷದೊಳಗಿನ ಮಕ್ಕಳು ಸಣ್ಣ ತಂಡ ಕಟ್ಟಿ, ತಮ್ಮೂರಿನ ಕೆರೆಯನ್ನೋ ಕಸವನ್ನೋ ಬೆಳೆಯನ್ನೋ ಅಭ್ಯಾಸ ಮಾಡಬೇಕು. ಕೊನೆಗೆ ತೀರ್ಪುಗಾರರ ಮುಂದೆ ವರದಿ ಮತ್ತು ಪೋಸ್ಟರುಗಳ ಜೊತೆ ಲಾಗ್ ಬುಕ್ಕನ್ನೂ ಇಡಬೇಕು. ಯಾವ ದಿನ ಏನು ಮಾಡಿದೆವು, ಏನು ಅಳೆದೆವು, ಏನು ಕೆಟ್ಟಿತು ಎಂದು ಆಯಾ ದಿನವೇ ಬರೆದ ಪುಸ್ತಕ ಅದು. ಇಂದು ಬನಶಂಕರಿ, ಜಯನಗರ, ಜೆ.ಪಿ. ನಗರದ ಮಕ್ಕಳು ರೋಬೋಟ್ ಸ್ಪರ್ಧೆಗಾಗಿ ಬರೆಯುವ ‘ಎಂಜಿನಿಯರಿಂಗ್ ನೋಟ್‌ಬುಕ್’ ಹೊರದೇಶದಿಂದ ಬಂದ ಹೊಸ ಪದ್ಧತಿ ಎಂದೇ ಅನೇಕರು ತಿಳಿದಿದ್ದಾರೆ. ಹೊಸದು ಹೆಸರು ಮಾತ್ರ. ಆ ಪುಸ್ತಕದ ಪಾಠ ನಮ್ಮ ಮಕ್ಕಳಿಗೆ ಮೂರು ದಶಕಗಳ ಹಿಂದೆಯೇ ಸಿಕ್ಕಿತ್ತು. ಅದು ಬೇರೂರದೆ ಹೋದದ್ದಕ್ಕೆ ಇನ್ನೊಂದು ಪುಸ್ತಕ ಕಾರಣ ಎಂಬುದು ನನ್ನ ವಾದ.

ಪಿ.ಯು.ನಲ್ಲಿ ವಿಜ್ಞಾನ ಓದಿದವರಿಗೆಲ್ಲ ಆ ಪುಸ್ತಕ ಗೊತ್ತು: ಪ್ರಾಕ್ಟಿಕಲ್ ರೆಕಾರ್ಡ್. ಎಡಗಡೆಯ ಬಿಳಿ ಹಾಳೆಯಲ್ಲಿ ಚೂಪು ಪೆನ್ಸಿಲಿನ ಚಿತ್ರ, ಬಲಗಡೆಯ ಗೆರೆ ಹಾಳೆಯಲ್ಲಿ ಉದ್ದೇಶ, ಸಲಕರಣೆ, ವಿಧಾನ, ಫಲಿತಾಂಶ, ಕೆಳಗೆ ಮೇಷ್ಟ್ರ ಸಹಿ. ಲ್ಯಾಬಿನಲ್ಲಿ ಗೀಚಿಕೊಂಡ ಅಳತೆಗಳು ರಫ್ ಪುಸ್ತಕದಲ್ಲಿರುತ್ತವೆ, ಮನೆಯಲ್ಲಿ ಕೂತು ಅದನ್ನು ಫೇರ್ ಮಾಡಬೇಕು. ಹೊಂದದ ಅಳತೆ ಫೇರ್ ಆಗುವಾಗಲೇ ಬಿದ್ದುಹೋಗುತ್ತದೆ. ಅಂಕ ಬರುವುದು ರೆಕಾರ್ಡಿಗೆ. ರಫ್ ಪುಸ್ತಕ ವರ್ಷದ ಕೊನೆಗೆ ರದ್ದಿಗೆ. ಶಾಲೆಯ ವಸ್ತುಪ್ರದರ್ಶನವೂ ಇದೇ ಅಚ್ಚಿನಲ್ಲಿ ಬೆಳೆಯಿತು. 1962ರಲ್ಲಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಕಟ್ಟಡ ಉದ್ಘಾಟನೆಯಾಯಿತು. ಅದೇ ವರ್ಷ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರ ಮುಂದಾಳತ್ವದಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ವಿಜ್ಞಾನವನ್ನು ಜನರ ಮುಂದೆ ತೆರೆದಿಡುವ ಆ ಉತ್ಸಾಹ ದೊಡ್ಡದು, ಅದಕ್ಕೆ ಈ ಊರು ಕೃತಜ್ಞವಾಗಿರಬೇಕು. ಆದರೆ ಅದು ಶಾಲೆಯ ಮೇಜಿಗೆ ಇಳಿದಾಗ ಬಹಳ ಕಡೆ ಥರ್ಮೊಕೋಲಿನ ಮಾದರಿ, ಡ್ರಾಯಿಂಗ್ ಶೀಟಿನ ಮೇಲೆ ದುಂಡಗಿನ ಅಕ್ಷರ, ಬಾಯಿಪಾಠದ ವಿವರಣೆಯಾಗಿ ಉಳಿಯಿತು. ಇದೂ ಒಂದು ಫೇರ್ ಪ್ರತಿಯೇ. ಇಂಥ ರೂಢಿಯ ನಡುವೆ ರಫ್ ಪುಸ್ತಕಕ್ಕೂ ಬೆಲೆಯುಂಟು ಎಂದು ಹೇಳಿದ್ದು ಸಮಾವೇಶದ ಲಾಗ್ ಬುಕ್.

ಎಂಜಿನಿಯರಿಂಗ್ ನೋಟ್‌ಬುಕ್ಕಿನ ಕಠಿಣ ನಿಯಮಗಳು ಬಂದ ದಾರಿ ಬೇರೆ. ಹೊಲಿದ ಪುಸ್ತಕವೇ ಆಗಬೇಕು, ಪುಟಸಂಖ್ಯೆ ಇರಬೇಕು, ದಿನಾಂಕ ಮತ್ತು ಸಹಿ ಬೇಕು, ಹಾಳೆ ಹರಿಯಬಾರದು, ತಪ್ಪಾದರೆ ಒಂದು ಗೆರೆ ಎಳೆಯಬೇಕೇ ಹೊರತು ಅಳಿಸಬಾರದು. ಇವೆಲ್ಲ ಮೊದಲಿಗೆ ಕೋರ್ಟಿಗಾಗಿ ಮಾಡಿಕೊಂಡ ಕಟ್ಟುಗಳು. ಅಮೆರಿಕದಲ್ಲಿ ಪೇಟೆಂಟ್ ಸಿಗುತ್ತಿದ್ದದ್ದು ಮೊದಲು ಕಂಡುಹಿಡಿದವರಿಗೆ. ಯಾರು ಮೊದಲು ಎಂಬುದಕ್ಕೆ ಈ ಪುಸ್ತಕವೇ ಸಾಕ್ಷಿ. 2013ರ ಮಾರ್ಚ್‌ನಲ್ಲಿ ಅಲ್ಲಿನ ಕಾನೂನು ಬದಲಾಗಿ, ಮೊದಲು ಅರ್ಜಿ ಹಾಕಿದವರಿಗೆ ಹಕ್ಕು ಎಂದಾಯಿತು. ಪುಸ್ತಕಕ್ಕಿದ್ದ ಕಾನೂನಿನ ಬಲ ಬಹುಮಟ್ಟಿಗೆ ಹೋಯಿತು, ಆದರೂ ಪುಸ್ತಕ ಹೋಗಲಿಲ್ಲ. ಯಾಕೆಂದರೆ ಅದಕ್ಕಿಂತ ಹಳೆಯ ಉಪಯೋಗವೊಂದು ಅದಕ್ಕಿತ್ತು. ಮೈಕೆಲ್ ಫ್ಯಾರಡೆ ತನ್ನ ಪ್ರಯೋಗಗಳ ಟಿಪ್ಪಣಿಗಳನ್ನು ಕ್ರಮಸಂಖ್ಯೆ ಹಾಕಿ ಬರೆಯುತ್ತ 16 ಸಾವಿರದಾಚೆಗೆ ಹೋದ. 1862ರಲ್ಲಿ ಅಯಸ್ಕಾಂತದಿಂದ ಬೆಳಕಿನ ರೋಹಿತದ ಗೆರೆಗಳಲ್ಲಿ ಬದಲಾವಣೆ ಆಗುತ್ತದೆಯೇ ಎಂದು ನೋಡಿದ, ಏನೂ ಕಾಣಲಿಲ್ಲ, ಅದನ್ನೂ ಬರೆದಿಟ್ಟ. ಆ ವಿಫಲ ಯತ್ನದ ವಿಷಯ ಓದಿದ್ದ ಪೀಟರ್ ಝೀಮನ್ 1896ರಲ್ಲಿ ಹೆಚ್ಚು ಸೂಕ್ಷ್ಮವಾದ ಸಲಕರಣೆಯಿಂದ ಅದೇ ಪ್ರಯೋಗ ಮಾಡಿ ಬದಲಾವಣೆ ಕಂಡ. 1902ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೆ ಪಾಲು ಸಿಕ್ಕಿತು.

ಸ್ಪರ್ಧೆಯ ದಿನ ನೂರು ಪುಟ ಓದುವ ಪುರುಸೊತ್ತು ಯಾರಿಗಿದೆ, ಗೆಲ್ಲಿಸುವುದು ಪ್ರದರ್ಶನವೇ ಅಲ್ಲವೇ ಎಂದು ಕೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಫಸ್ಟ್ ಟೆಕ್ ಚಾಲೆಂಜ್ ಎಂಬ ರೋಬೋಟ್ ಸ್ಪರ್ಧೆ 2020ರಿಂದೀಚೆಗೆ ಇಡೀ ನೋಟ್‌ಬುಕ್ಕಿನ ಬದಲು 15 ಪುಟದ ಪೋರ್ಟ್‌ಫೋಲಿಯೊ ನೋಡುತ್ತದೆ. ಆದರೆ ಆ 15 ಪುಟಕ್ಕೆ ಸರಕು ಎಲ್ಲಿಂದ ಬರಬೇಕು? ಗಾಲಿ ಯಾಕೆ ಬದಲಾಯಿಸಿದಿರಿ ಎಂದು ತೀರ್ಪುಗಾರರು ಕೇಳಿದಾಗ ಆ ಸಂಜೆಯ ಪುಟ ಬರೆದ ಮಗು ಉತ್ತರಿಸುತ್ತದೆ, ಬರೆಯದ ಮಗು ಪಕ್ಕದವರ ಮುಖ ನೋಡುತ್ತದೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಲಾಗ್ ಬುಕ್ಕನ್ನೂ ಕೊನೆಯ ವಾರ ಕೂತು ಹುಟ್ಟಿಸಬಹುದು, ದೊಡ್ಡವರೇ ಬರೆದುಕೊಡಬಹುದು. ಬರೆದುಕೊಡುತ್ತಾರೆ ಕೂಡ, ರೆಕಾರ್ಡಿನ ಅಭ್ಯಾಸ ಅಷ್ಟು ಬೇಗ ಬಿಡುವಂಥದ್ದಲ್ಲ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನ ಫ್ಯೂಚರ್ ಎಂಜಿನಿಯರ್ಸ್ ವಿಭಾಗ ಇದಕ್ಕೆ ತಡೆಯಾಗುವಂತೆ, ಸ್ಪರ್ಧೆಗೆ ತಿಂಗಳುಗಳ ಮುಂಚಿನಿಂದ ಕೋಡನ್ನು, ಪ್ರತಿ ಬದಲಾವಣೆಯ ದಿನಾಂಕವೂ ಉಳಿಯುವ ಗಿಟ್‌ಹಬ್ ತಾಣದಲ್ಲಿ ಹಂತಹಂತವಾಗಿ ಸೇರಿಸುತ್ತ ಬರಬೇಕೆಂಬ ನಿಯಮ ಮಾಡಿದೆ. ಕಾಗದದ ಪುಸ್ತಕದಲ್ಲೂ ಕಣ್ಣಿದ್ದವರಿಗೆ ಸುಳ್ಳು ಕಾಣುತ್ತದೆ: ಒಂದೇ ಪೆನ್ನು, ಒಂದೇ ಕೈ, ಎಲ್ಲಿಯೂ ಸೋಲಿಲ್ಲ.

ನಿಜವಾದ ಪುಟ ಹೀಗಿರುತ್ತದೆ ಎಂದುಕೊಳ್ಳಿ. ರೋಬೋಟ್ 90 ಡಿಗ್ರಿ ತಿರುಗಬೇಕಿತ್ತು, 84ಕ್ಕೆ ನಿಂತಿತು. ಕೋಡ್ ತಪ್ಪೆಂದು ಎರಡು ಸಂಜೆ ಹುಡುಕಿದರು. ಮೂರನೇ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದಾಗ 89 ಬಂತು. ಪಕ್ಕದಲ್ಲಿ ವಕ್ರ ಗೆರೆಯ ಗಾಲಿಯ ಚಿತ್ರ, ಎಸ್.ಪಿ. ರೋಡಿನಿಂದ ತಂದ ಮೋಟಾರಿನ ಬೆಲೆ, ಹೊಡೆದುಹಾಕಿದ ಒಂದು ಊಹೆ. ಸ್ಪರ್ಧೆಯ ಮಳಿಗೆಯ ಫ್ಲೆಕ್ಸಿನ ನಡುವೆ ಫಳಫಳಿಸುವ ರೋಬೋಟಿನ ಫೋಟೊ ಹಾಕುವ ಜಾಗದಲ್ಲಿ ಈ ಪುಟವನ್ನೇ ದೊಡ್ಡದಾಗಿ ಹಾಕಿದರೆ ತೀರ್ಪುಗಾರರ ಮೊದಲ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಆ ಪುಟ ಕನ್ನಡದಲ್ಲಿದ್ದರೂ ಆದೀತು. ಸಮಾವೇಶದಲ್ಲಿ ಮಕ್ಕಳು ತಮ್ಮ ಭಾಷೆಯಲ್ಲೇ ವಿಷಯ ಮಂಡಿಸಬಹುದು. ರೋಬೋಟ್ ಸ್ಪರ್ಧೆಯ ತಂಡಗಳು ಮಾತ್ರ ಮೊದಲ ಗೀಚನ್ನೂ ಇಂಗ್ಲಿಷಿನಲ್ಲಿ ಫೇರ್ ಮಾಡಿಯೇ ಬರೆಯಲು ಹೊರಡುತ್ತವೆ. ‘ಬ್ಯಾಟರಿ ಇಳಿದಿತ್ತು, ಅದಕ್ಕೇ ಕಮ್ಮಿ ತಿರುಗಿತು’ ಎಂದು ಮಗು ಆ ಸಂಜೆಯೇ ಬರೆದಿಡಲಿ. ಪೋರ್ಟ್‌ಫೋಲಿಯೊಗೆ ಬೇಕಾದ ಇಂಗ್ಲಿಷನ್ನು ಆಮೇಲೆ ತಂಡವೆಲ್ಲ ಕೂತು ಮಾಡಿಕೊಳ್ಳಬಹುದು.