ಮಿನಿಮಲ್ ಟೆಕ್ನೊ: ಮೋಡಿಯ ಮೂಲ ಮತ್ತು ಇತಿಹಾಸ

ಮಿನಿಮಲ್ ಟೆಕ್ನೊ ಯಂತ್ರವಾದ್ಯಗಳ ನೃತ್ಯಸಂಗೀತದಲ್ಲಿ ಒಂದು ಕವಲು. ನಿಮಿಷಕ್ಕೆ ಸುಮಾರು 125 ಬಡಿತ, ಬೆರಳೆಣಿಕೆಯ ಧ್ವನಿಗಳು. ಪಲ್ಲವಿ, ಚರಣಗಳ ಗೊಡವೆಯಿಲ್ಲ. ಡಿಜೆ ಎರಡು ರೆಕಾರ್ಡುಗಳ ಲಯ ಕೂಡಿಸಿ, ಒಂದು ಮುಗಿದು ಇನ್ನೊಂದು ಶುರುವಾದದ್ದು ತಿಳಿಯದಂತೆ ತಾಸುಗಟ್ಟಲೆ ನುಡಿಸುತ್ತಾನೆ. ಆವರ್ತನಕ್ಕೆ ಕಿವಿ ಒಗ್ಗಿದ ಮೇಲೆ ಹೊಸದಾಗಿ ಸೇರಿದ ಒಂದು ಹೈ-ಹ್ಯಾಟ್ ತಾಳದ ಸದ್ದು ಕೂಡ ದೊಡ್ಡ ಘಟನೆ ಎನಿಸುತ್ತದೆ. ಕೇಳುಗರು ಮೋಡಿ ಎನ್ನುವುದು ಇದಕ್ಕೇ.

ಡೆಟ್ರಾಯಿಟ್‌ನ ರಾಬರ್ಟ್ ಹುಡ್ 1994ರಲ್ಲಿ ಹೊರತಂದ ‘ಮಿನಿಮಲ್ ನೇಷನ್’ ಈ ಶೈಲಿಯ ಆದ್ಯ ಕೃತಿಗಳಲ್ಲೊಂದು. ಬರ್ಲಿನ್, ಕಲೋನ್‌ಗಳಲ್ಲಿ ಅದು ಬೆಳೆಯಿತು. ರಿಕಾರ್ಡೊ ವಿಯ್ಯಲೊಬೋಸ್‌ನ 2006ರ ಒಂದು ರಚನೆ ಅರ್ಧ ಗಂಟೆಗೂ ಮೀರಿ ನಡೆಯುತ್ತದೆ. ಇಷ್ಟರಲ್ಲಿ ವಿವಾದವಿಲ್ಲ.

ಗೊಂದಲವಿರುವುದು ಭಾರತೀಯ ಮೂಲದ ವಾದಗಳಲ್ಲಿ. ಮೊದಲನೆಯದು ಹಿಂದುಸ್ತಾನಿ ಗಾಯನದ ಕಿರಾಣಾ ಘರಾಣೆಯದು. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಬಂದದ್ದು ಧಾರವಾಡ ಸೀಮೆಗೆ ಪರಿಚಿತವಾದ ಕವಲು. ಕರೀಂ ಖಾನರ ಬಂಧು ಅಬ್ದುಲ್ ವಾಹಿದ್ ಖಾನರು ಅತಿವಿಲಂಬಿತ ಲಯಕ್ಕೆ ಹೆಸರಾದವರು. ಅವರ ಶಿಷ್ಯ ಪಂಡಿತ್ ಪ್ರಾಣನಾಥ 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಮಿನಿಮಲಿಸ್ಟ್ ಸಂಗೀತ ರಚನಕಾರರಾದ ಲಾ ಮಾಂಟ್ ಯಂಗ್, ಟೆರ್ರಿ ರೈಲಿ ಇಬ್ಬರೂ ಪ್ರಾಣನಾಥರ ಬಳಿ ಕಲಿತರು. ಹೀಗಾಗಿ ಕಿರಾಣೆಯೇ ಮಿನಿಮಲ್‌ನ ತಾಯಿಬೇರು ಎನ್ನುವವರಿದ್ದಾರೆ. ಇಸವಿಗಳು ಇದಕ್ಕೆ ಒಪ್ಪುವುದಿಲ್ಲ. ರೈಲಿಯ ‘ಇನ್ ಸಿ’ 1964ರದು, ಯಂಗ್‌ನ ತಂತಿವಾದ್ಯ ತ್ರಯ 1958ರದು. ನಂಟು ನಿಜ, ಜನ್ಮಸಂಬಂಧವಲ್ಲ.

ಎರಡನೆಯದು ಚರಣ್‌ಜಿತ್ ಸಿಂಗ್ ಕುರಿತದ್ದು. ಮುಂಬಯಿಯ ಸಿನಿಮಾ ವಾದ್ಯವೃಂದದ ಈ ಕಲಾವಿದ 1982ರಲ್ಲಿ ರೋಲ್ಯಾಂಡ್ ಕಂಪನಿಯ 808 ಡ್ರಮ್ ಮಷೀನ್, 303 ಬಾಸ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ನುಡಿಸಿದರು. ಧ್ವನಿಮುದ್ರಿಕೆ ಬಂದ ವರ್ಷವನ್ನು ಕೆಲವರು 1982 ಎಂದರೆ ಕೆಲವರು 1983 ಎನ್ನುತ್ತಾರೆ. 2010ರಲ್ಲಿ ಮರುಮುದ್ರಣವಾದಾಗ, ಶಿಕಾಗೊದ ‘ಆಸಿಡ್ ಟ್ರ್ಯಾಕ್ಸ್’ಗೆ (1987) ಮುಂಚೆಯೇ ಮುಂಬಯಿಯಲ್ಲಿ ಆಸಿಡ್ ಹೌಸ್ ಎಂಬ ನೃತ್ಯಸಂಗೀತ ಪ್ರಕಾರ ಹುಟ್ಟಿತ್ತೆಂಬ ಮಾತು ಹಬ್ಬಿತು. ಯಂತ್ರಗಳು ಅವೇ, ಲಯವೂ ಹತ್ತಿರದ್ದೇ. ಆದರೆ ಮುಂಬಯಿಯಿಂದ ಶಿಕಾಗೊಗೆ ಪ್ರಭಾವ ಹರಿದದ್ದಕ್ಕೆ ಆಧಾರವಿಲ್ಲ. ಸಿಂಗ್ ಅವರಲ್ಲಿ ರಾಗದ ಸ್ವರಗಳು ಎಡೆಬಿಡದೆ ಓಡುತ್ತವೆ, ಮಿನಿಮಲ್ ಕೈಬಿಟ್ಟದ್ದು ಅದನ್ನೇ.

ಮೂಲದ ವಾದಗಳು ಹಾಗಿರಲಿ, ಹೈದರಾಬಾದಿನ ಮಾದಾಪುರದಂಥ ಕಡೆ ತಾಸುಗಟ್ಟಲೆ ನಡೆಯುವ ಇಂಥ ಸಂಗೀತವೆಂದರೆ ಗಡಿಯಾರದ ಜೊತೆಗಿನ ಹಗ್ಗಜಗ್ಗಾಟ. ಬಂಡೆಗಳ ನಡುವಿನ ಈ ಹೊರವಲಯದಲ್ಲಿ 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಐಟಿ ಉದ್ಯೋಗಿಗಳ ಹಿಂದೆಯೇ ಪಬ್ಬುಗಳು ಬಂದವು. ಹೊತ್ತು ಕಳೆದಷ್ಟೂ ಏರುವ ಮೋಡಿಗೆ ಕಾನೂನು ಹಾಕಿದ ಗೆರೆ ಮಾತ್ರ ಖಚಿತ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ.